ಏಡಿಯ ಎಲೆಯಲ್ಲಿ ಏನಿದೆ?

ಸಾಂತಾಕ್ರೂಜ್ ಸ್ಟೇಷನ್ನಿನ ಪಶ್ಚಿಮಕ್ಕಿಳಿದು ಬಸ್ಸು ಹಿಡಿದರೆ ಜುಹು ತೀರ ದೂರವೇನಲ್ಲ. ಈ ಸಲ ಹೋದಾಗ, ಭೇಲ್‌ಪುರಿಯತ್ತ ತಿರುಗುವ ಮುನ್ನ, ಇಳಿತದ ಹೊತ್ತಿನ ಒದ್ದೆ ಮರಳನ್ನು ಬಗ್ಗಿ ನೋಡಿ. ಪುಟ್ಟ ತೂತೊಂದರ ಸುತ್ತ ಸಾಸಿವೆಗಿಂತ ದಪ್ಪನೆಯ ಮರಳ ಗುಂಡುಗಳು ರಂಗೋಲಿಯ ಎಳೆಗಳಂತೆ ಹರಡಿರುತ್ತವೆ. ಏಡಿಯ ಹಿಕ್ಕೆ ಎಂದುಕೊಂಡಿರಾ? ಅಲ್ಲ, ಅದು ಏಡಿ ಉಂಡು ಬಿಟ್ಟ ಎಂಜಲು!

ಉಗುರಿನಷ್ಟೇ ಇರುವ ಈ ಏಡಿ ಇಕ್ಕಳದಂಥ ಮುಂಗಾಲುಗಳಿಂದ ಮರಳನ್ನು ಗೋರಿ ಬಾಯಿಗೆ ತುಂಬಿಕೊಳ್ಳುತ್ತದೆ. ಬಾಯಿಯ ಸುತ್ತಲಿನ ಕೂದಲಿನಂಥ ಎಳೆಗಳು ಮರಳಿಗಂಟಿದ ಪಾಚಿ, ಸೂಕ್ಷ್ಮಜೀವಿ, ಕೊಳೆತ ಕಣಗಳನ್ನು ಬೇರ್ಪಡಿಸಿ ಒಳಗೆ ಕಳಿಸುತ್ತವೆ. ಉಳಿದ ಮರಳು ಗುಂಡಾಗಿ ಹೊರಬೀಳುತ್ತದೆ. ನಮ್ಮ ಅಜ್ಜಿಯಂದಿರು ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಎನ್ನಿ. ಭರತ ಬರುವಷ್ಟರಲ್ಲಿ ಊಟ ಮುಗಿಸಿ ಬಿಲ ಸೇರಬೇಕು. ನೀರು ಬಂದು ಎಂಜಲನ್ನೆಲ್ಲ ಒರೆಸಿಬಿಡುತ್ತದೆ.

ನಮ್ಮ ಅಡುಗೆಮನೆಗೆ ಬರುವ ಕೆಸರಿನ ಏಡಿಯ ರೀತಿಯೇ ಬೇರೆ. ತುಳುವರಿಗೆ ಡೆಂಜಿ, ಇಲ್ಲಿಯ ಮರಾಠಿಯಲ್ಲಿ ಚಿಂಬೋರಿ. ಹಗಲು ಕಾಂಡ್ಲಾ ಗಿಡಗಳ ಕೆಸರಿನಲ್ಲಡಗಿ, ಕತ್ತಲಾದ ಮೇಲೆ ಚಿಪ್ಪುಮೀನು, ಬಸವನಹುಳು, ಸಣ್ಣ ಏಡಿಗಳನ್ನು ಹುಡುಕಿ ತಿನ್ನುತ್ತದೆ. ಸ್ವಂತ ಕುಲದವರೆಂಬ ದಾಕ್ಷಿಣ್ಯವೂ ಇಲ್ಲ. ರುಚಿ ನೋಡುವುದು ಕಾಲ ತುದಿಯಿಂದ, ಅಗಿಯುವ ಹಲ್ಲಿರುವುದು ಹೊಟ್ಟೆಯೊಳಗೆ!

‘ಹುಣ್ಣಿಮೆಗೆ ಏಡಿ ಟೊಳ್ಳು’ ಎಂದು ಕರಾವಳಿಯಲ್ಲಿ ಹೇಳುವುದುಂಟು. ಚಂದ್ರನ ವಿಷಯ ಹಾಗಿರಲಿ, ಟೊಳ್ಳಾಗುವುದು ಉಪವಾಸದಿಂದ. ಚಿಪ್ಪು ಕಳಚುವ ಮುಂಚೆ ಏಡಿ ಊಟ ಬಿಡುತ್ತದೆ. ಕಳಚಿದ ಮೇಲೆ ನೀರು ಹೀರಿ ಹಿಗ್ಗುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಸರಿಯಾಗಿ ತಿನ್ನಲಾರದು. ಆಗ ಕೊಂಡರೆ ನಿಮಗೆ ಸಿಗುವುದು ನೀರು. ಆದ್ದರಿಂದ ಕೊಳ್ಳುವಾಗ ಹೊಟ್ಟೆಯ ಕಡೆ, ಕಾಲು ಕೂಡುವಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ. ತಗ್ಗಿದರೆ ಬೇಡ.

ಇನ್ನೊಂದು ಮಾತು. ಮಿಠಿ ನದಿ ನಮ್ಮ ಕೊಳಚೆಯನ್ನೆಲ್ಲ ಹೊತ್ತು ಮಾಹಿಮ್ ಕೊಲ್ಲಿ ಸೇರುತ್ತದೆ. ಕೊಳಚೆಯ ಲೋಹಗಳು ತಳದ ಕೆಸರಿಗಿಳಿಯುತ್ತವೆ, ಕೆಸರಿನ ಜೀವಿಗಳ ಮೂಲಕ ಏಡಿಗೆ ಸೇರುತ್ತವೆ. ಬೆನ್ನ ಚಿಪ್ಪಿನಡಿಯಲ್ಲಿ ಹಳದಿ-ಕಂದು ಲೇಹ್ಯದಂಥದ್ದು ಇರುತ್ತದಲ್ಲ, ಅದೇ ಏಡಿಯ ಪಿತ್ತಜನಕಾಂಗ ಎನ್ನಬಹುದು. ಕ್ಯಾಡ್ಮಿಯಂನಂಥ ಲೋಹ ಮಾಂಸಕ್ಕಿಂತ ಹೆಚ್ಚಾಗಿ ಸೇರುವುದು ಅಲ್ಲಿಯೇ. ಅದರ ರುಚಿಗೆ ಮನಸೋತವರು ಬಹಳ, ಗೊತ್ತು. ಆದರೂ ಏಡಿ ಯಾವ ನೀರಿನದೆಂದು ಮಾರುವಾಕೆಯನ್ನು ಕೇಳಿ. ನಗರದ ಖಾಡಿಯದಾದರೆ ಆ ಭಾಗ ತೆಗೆದು, ಬಿಳಿ ಮಾಂಸವನ್ನಷ್ಟೇ ಸುಕ್ಕಕ್ಕೆ ಹಾಕಿ.