ಜೆಲ್ಲಿನ ಹದ, ಬೆಳಕಿನ ಹಾದಿ

ಚಳಿಗಾಲದ ಬೆಳಗ್ಗೆ ಸೀಸೆಯಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಎಲ್ಲರೂ ಕಂಡವರೇ. ದೂರವಾಣಿ, ಇಂಟರ್‌ನೆಟ್ ಸಂಕೇತಗಳನ್ನು ಬೆಳಕಾಗಿ ಒಯ್ಯುವ ಕೇಬಲ್ಲಿನೊಳಗಿನ ಜೆಲ್ ಹೀಗೆ ಗಟ್ಟಿಯಾದರೆ ಸಂಕೇತವೇ ಕ್ಷೀಣಿಸುತ್ತದೆ!

ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯ ವ್ಯಾಸ ಕೇವಲ 0.125 ಮಿಲಿಮೀಟರ್. ಪ್ಲಾಸ್ಟಿಕ್ ಲೇಪನ ಪಡೆದ ಇಂಥ ಹಲವು ಎಳೆಗಳನ್ನು ಸಣ್ಣ ಕೊಳವೆಯಲ್ಲಿ ಸಡಿಲವಾಗಿ ಇರಿಸಿ, ಸುತ್ತ ಜೆಲ್ ತುಂಬುತ್ತಾರೆ. ನೀರನ್ನು ತಡೆಯುವುದು, ಎಳೆಗಳಿಗೆ ಮೆತ್ತನೆಯ ಹಾಸಿಗೆಯಾಗುವುದು ಅದರ ಕೆಲಸ.

ಚಳಿಯಲ್ಲಿ ಪ್ಲಾಸ್ಟಿಕ್ ಕೊಳವೆ ಗಾಜಿಗಿಂತ ಹೆಚ್ಚು ಕುಗ್ಗುತ್ತದೆ. ಆಗ ಎಳೆ ಸರಿದು ಜಾಗ ಮಾಡಿಕೊಳ್ಳಬೇಕು. ಜೆಲ್ ಬಿಗಿದಿದ್ದರೆ ಅದು ಸಿಕ್ಕಿಬಿದ್ದು, ಕಣ್ಣಿಗೆ ಕಾಣದ ಬಾಗುಗಳು ಮೂಡುತ್ತವೆ. ಬಾಗಿದಲ್ಲಿ ಬೆಳಕು ಹೊರಚೆಲ್ಲುತ್ತದೆ. ಸೆಕೆಗೆ ಜೆಲ್ ತೀರ ತೆಳುವಾದರೆ ಹರಿದುಹೋಗಿ ನೀರಿಗೆ ದಾರಿಯಾಗುತ್ತದೆ. ಕಳಪೆ ಜೆಲ್ಲಿನಿಂದ ಹೊಮ್ಮುವ ಹೈಡ್ರೋಜನ್ ಗಾಜಿನೊಳಗೆ ಹೊಕ್ಕು ಬೆಳಕನ್ನು ಹೀರುತ್ತದೆ.

1550 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಒಳ್ಳೆಯ ಎಳೆಯಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬಲ್. ಎಂದರೆ, 15 ಕಿಲೋಮೀಟರ್ ಸಾಗಿದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ನಷ್ಟ 0.3ಕ್ಕೆ ಏರಿದರೆ 10 ಕಿಲೋಮೀಟರಿಗೇ ಅರ್ಧ ಬೆಳಕು ಕಳೆದುಹೋಗುತ್ತದೆ.

ಗಾಜು ಎಷ್ಟೇ ಶುದ್ಧವಾಗಿರಲಿ, ಜೆಲ್ಲಿನ ಹದ ಕೆಟ್ಟರೆ ಬೆಳಕಿನ ಹಾದಿ ಮೊಟಕು.