ಒಂದೇ ಕಡಲು, ಎರಡು ವಿದ್ಯುತ್ ಕಂಪನಿ

ಕಂಪನಿಯ ಆಡಳಿತ ಮಂಡಳಿ ಎಂದೊಡನೆ ನಿಮಗೆ ಷೇರು, ಲಾಭಾಂಶ, ವಾರ್ಷಿಕ ಸಭೆ ಇವೆಲ್ಲ ನೆನಪಾಗಬಹುದು. ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟುವ ನಮಗೂ ಆ ದುಂಡು ಮೇಜಿನ ಮಾತುಕತೆಗೂ ಏನು ಸಂಬಂಧ ಎಂದು ನೀವು ಕೇಳುವುದು ಸಹಜ. ಆದರೆ ವಿದ್ಯುತ್ ಕಂಪನಿ ಸೋಪು ತಯಾರಿಸುವ ಕಂಪನಿಯ ಹಾಗಲ್ಲ. ಅದರ ಅಣೆಕಟ್ಟು, ತಂತಿ, ರಿಯಾಕ್ಟರುಗಳು ನಮ್ಮ ಊರುಗಳ ನಡುವೆಯೇ ಇರುತ್ತವೆ. ಅಲ್ಲಿ ತಪ್ಪಿದ ಒಂದು ಲೆಕ್ಕದ ಬೆಲೆಯನ್ನು ಷೇರುದಾರರಿಗಿಂತ ಮೊದಲು ನೆರೆಹೊರೆಯವರು ತೆರುತ್ತಾರೆ. ಇದನ್ನು ತಿಳಿಯಲು ಜಪಾನಿನ ಎರಡು ಕಂಪನಿಗಳ ಕಥೆಯನ್ನು ನೋಡೋಣ.

2011ರ ಮಾರ್ಚ್ 11ರ ಮಧ್ಯಾಹ್ನ ಜಪಾನಿನ ಈಶಾನ್ಯ ಕರಾವಳಿಯಾಚೆ 9.0 ಪ್ರಮಾಣದ ಭೂಕಂಪವಾಯಿತು. ಅದರ ಹಿಂದೆಯೇ ಸುನಾಮಿ ಬಂತು. ಆ ಕರಾವಳಿಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಅಂತರದಲ್ಲಿ ಎರಡು ಪರಮಾಣು ವಿದ್ಯುತ್ ಸ್ಥಾವರಗಳಿದ್ದವು. ಒನಗಾವಾ ಸ್ಥಾವರ ತೊಹೊಕು ವಿದ್ಯುತ್ ಕಂಪನಿಯದು, ಫುಕುಶಿಮಾ ದಾಯಿಚಿ ಟೋಕಿಯೋ ವಿದ್ಯುತ್ ಕಂಪನಿಯದು. ಭೂಕಂಪದ ಕೇಂದ್ರಕ್ಕೆ ಹೆಚ್ಚು ಹತ್ತಿರವಿದ್ದುದು ಒನಗಾವಾ. ಅಲ್ಲಿಗೆ ಅಪ್ಪಳಿಸಿದ ಅಲೆ ಸುಮಾರು 13 ಮೀಟರ್ ಎತ್ತರದ್ದು. ಹಾನಿಯೇ ಆಗಲಿಲ್ಲ ಎನ್ನುವಂತಿಲ್ಲ: ಒಂದು ಕಟ್ಟಡದಲ್ಲಿ ಬೆಂಕಿ ಕಾಣಿಸಿತು, ಇನ್ನೊಂದರ ನೆಲಮಾಳಿಗೆಗೆ ನೀರು ನುಗ್ಗಿತು. ಆದರೂ ಮರುದಿನದ ಹೊತ್ತಿಗೆ ಮೂರೂ ರಿಯಾಕ್ಟರುಗಳು ತಣ್ಣಗಾಗಿ ಸುರಕ್ಷಿತವಾಗಿ ನಿಂತವು. ಮನೆ ಕಳೆದುಕೊಂಡ ಸುತ್ತಲಿನ ನೂರಾರು ಜನ ಅದೇ ಸ್ಥಾವರದ ಆವರಣದಲ್ಲಿ ಆಶ್ರಯ ಪಡೆದರು. ಫುಕುಶಿಮಾದಲ್ಲಾದರೋ ಮೂರು ರಿಯಾಕ್ಟರುಗಳ ಇಂಧನ ಕರಗಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು.

ಈ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರ ಹುಡುಕಲು ನಾವು ನಾಲ್ಕು ದಶಕ ಹಿಂದೆ ಹೋಗಬೇಕು. ಎರಡೂ ಸ್ಥಾವರಗಳ ಯೋಜನೆ ಸಿದ್ಧವಾದಾಗ ಲಭ್ಯವಿದ್ದ ದಾಖಲೆಗಳ ಪ್ರಕಾರ ನಿರೀಕ್ಷಿತ ಸುನಾಮಿಯ ಎತ್ತರ ಹೆಚ್ಚುಕಡಿಮೆ 3 ಮೀಟರ್ ಮಾತ್ರ. ತೊಹೊಕು ಕಂಪನಿಯ ಉಪಾಧ್ಯಕ್ಷರಾಗಿದ್ದ ಯಾನೊಸುಕೆ ಹಿರಾಯ್ ಅವರಿಗೆ ಆ ಅಂಕಿ ಸಾಲಲಿಲ್ಲ. ಕ್ರಿ.ಶ. 869ರಲ್ಲಿ ಆ ಕರಾವಳಿಯನ್ನು ನುಂಗಿದ್ದ ಜೋಗನ್ ಸುನಾಮಿಯ ನೆನಪು ಅವರ ಸೀಮೆಯ ಜನರಲ್ಲಿ ಇನ್ನೂ ಉಳಿದಿತ್ತು. ಅಷ್ಟು ಎತ್ತರ ಬೇಡವೆಂಬ ಮಾತು ಬಂದರೂ ಅವರು ಪಟ್ಟು ಬಿಡಲಿಲ್ಲ. ಸ್ಥಾವರದ ನೆಲಮಟ್ಟವನ್ನು ಕಡಲಿನಿಂದ 14.8 ಮೀಟರ್ ಎತ್ತರಕ್ಕೆ ನಿಗದಿ ಮಾಡಲಾಯಿತು. ಸುನಾಮಿಗೆ ಮುನ್ನ ಕಡಲು ಹಿಂದೆ ಸರಿದಾಗಲೂ ತಂಪುಗೊಳಿಸಲು ನೀರು ಉಳಿಯುವಂತೆ ಕಾಲುವೆಯನ್ನು ರೂಪಿಸಲಾಯಿತು. ಹಿರಾಯ್ 1986ರಲ್ಲಿ ತೀರಿಕೊಂಡರು. ಅವರ ಹಟ ಫಲ ಕೊಟ್ಟಿದ್ದು ಅದಾಗಿ ಇಪ್ಪತ್ತೈದು ವರ್ಷಗಳ ನಂತರ.

ಫುಕುಶಿಮಾದಲ್ಲಿ ನಿಸರ್ಗವೇ ಸುಮಾರು 35 ಮೀಟರ್ ಎತ್ತರದ ದಿಬ್ಬವನ್ನು ಕೊಟ್ಟಿತ್ತು. ಅದನ್ನು ಕಡಿದು ಮೊದಲ ನಾಲ್ಕು ರಿಯಾಕ್ಟರುಗಳನ್ನು 10 ಮೀಟರ್ ಮಟ್ಟದಲ್ಲಿ ಕಟ್ಟಿದರು. ಇದಕ್ಕೆ ಕಾರಣಗಳೂ ಇದ್ದವು: ಕೆಳಗಿನ ಗಟ್ಟಿ ಬಂಡೆ ಭೂಕಂಪಕ್ಕೆ ಒಳ್ಳೆಯದು, ಕಡಲ ನೀರನ್ನು ಮೇಲೆತ್ತುವ ಖರ್ಚೂ ಕಡಿಮೆ. ಆದರೆ ತುರ್ತು ಡೀಸೆಲ್ ಜನರೇಟರುಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದವು. ಸುಮಾರು 14-15 ಮೀಟರ್ ಎತ್ತರಕ್ಕೆ ಏರಿದ ನೀರು ಒಳನುಗ್ಗಿದಾಗ ರಿಯಾಕ್ಟರುಗಳನ್ನು ತಂಪಾಗಿಡಲು ಬೇಕಾದ ವಿದ್ಯುತ್ತೇ ಇಲ್ಲವಾಯಿತು.

ಲೆಕ್ಕ ಇತ್ತು, ನಿರ್ಧಾರ ಇರಲಿಲ್ಲ

ಇದು ಯಾರಿಗೂ ತಿಳಿಯದೆ ಎರಗಿದ ಆಪತ್ತೇ? ಇಲ್ಲಿಯೇ ಆಡಳಿತ ಮಂಡಳಿಯ ಪಾತ್ರ ಎದುರಾಗುತ್ತದೆ. ಆ ಕರಾವಳಿಯಾಚೆ ಎಲ್ಲಿ ಬೇಕಾದರೂ ದೊಡ್ಡ ಸುನಾಮಿ ಹುಟ್ಟಬಹುದೆಂದು 2002ರಲ್ಲಿ ಸರಕಾರದ ಭೂಕಂಪ ಸಂಶೋಧನಾ ಸಂಸ್ಥೆ ಹೇಳಿತ್ತು. ಅದನ್ನು ಆಧರಿಸಿ 2008ರಲ್ಲಿ ಟೋಕಿಯೋ ಕಂಪನಿಗಾಗಿ ನಡೆದ ಲೆಕ್ಕಾಚಾರ 15.7 ಮೀಟರ್ ಎಂಬ ಅಂಕಿಯನ್ನು ಕೊಟ್ಟಿತು. ಕಂಪನಿಯ ಪರಮಾಣು ವಿಭಾಗದ ಹಿರಿಯರು ಕೂಡಲೇ ತಡೆಗೋಡೆ ಕಟ್ಟಿಸಲಿಲ್ಲ. ಇನ್ನಷ್ಟು ಅಧ್ಯಯನ ನಡೆಯಲಿ ಎಂದು ವಿಷಯವನ್ನು ಸಿವಿಲ್ ಎಂಜಿನಿಯರುಗಳ ಸಂಘಕ್ಕೆ ಕಳಿಸಿದರು. ಕಾಯುವ ಕಾಲದಲ್ಲಿ ಕನಿಷ್ಠ ಜನರೇಟರನ್ನಾದರೂ ಮೇಲಕ್ಕೇರಿಸಬಹುದಿತ್ತು, ಬಾಗಿಲುಗಳಿಗೆ ನೀರು ತಡೆಯುವ ವ್ಯವಸ್ಥೆ ಮಾಡಬಹುದಿತ್ತು. ಆ 15.7 ಮೀಟರಿನ ಅಂಕಿ ಪರಮಾಣು ನಿಯಂತ್ರಣ ಸಂಸ್ಥೆಗೆ ತಲುಪಿದ್ದು 2011ರ ಮಾರ್ಚ್ 7ರಂದು, ಸುನಾಮಿಗೆ ನಾಲ್ಕು ದಿನ ಮೊದಲು.

ಕಾವಲು ಕಾಯಬೇಕಿದ್ದ ಆ ಸಂಸ್ಥೆಯ ಸ್ಥಿತಿಯೂ ಚೆನ್ನಾಗಿರಲಿಲ್ಲ. ಪರಮಾಣು ವಿದ್ಯುತ್ತನ್ನು ಬೆಳೆಸುವ ಸಚಿವಾಲಯದ ಅಡಿಯಲ್ಲಿಯೇ ಅದೂ ಇತ್ತು. ಕಂಪನಿ ತಪಾಸಣೆಯ ದಾಖಲೆಗಳನ್ನು ತಿರುಚಿದ್ದು 2002ರಲ್ಲೇ ಬಯಲಾಗಿ, ಅದರ ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದರು. 2003ರಲ್ಲಿ ಅದರ ಹದಿನೇಳೂ ರಿಯಾಕ್ಟರುಗಳು ನಿಂತಿದ್ದವು. ಎಚ್ಚರಿಕೆಯ ಗಂಟೆ ಅಷ್ಟು ಜೋರಾಗಿ ಬಾರಿಸಿದ ಮೇಲೂ ಒಳಗಿನ ರೂಢಿ ಬದಲಾಗಲಿಲ್ಲ. 2012ರಲ್ಲಿ ಜಪಾನ್ ಸಂಸತ್ತಿನ ತನಿಖಾ ಆಯೋಗ ಇದು ಮನುಷ್ಯರೇ ತಂದುಕೊಂಡ ದುರಂತವೆಂದು ತೀರ್ಮಾನಿಸಿತು. ಅದೇ ವರ್ಷ ಸರಕಾರ ಒಂದು ಲಕ್ಷ ಕೋಟಿ ಯೆನ್ ಸುರಿದು ಕಂಪನಿಯ ಹಿಡಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಸ್ವತಂತ್ರವಾದ ಹೊಸ ನಿಯಂತ್ರಣ ಪ್ರಾಧಿಕಾರವೂ ಬಂತು.

ಹೊಣೆ ಯಾರದು ಎಂಬ ಪ್ರಶ್ನೆ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. ನಾಲ್ವರು ಮಾಜಿ ಅಧಿಕಾರಿಗಳು ಕಂಪನಿಗೆ 13 ಲಕ್ಷ ಕೋಟಿ ಯೆನ್ ಕೊಡಬೇಕೆಂದು ಟೋಕಿಯೋದ ಜಿಲ್ಲಾ ನ್ಯಾಯಾಲಯ 2022ರಲ್ಲಿ ಹೇಳಿತು. 2025ರಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಕ್ರಿಮಿನಲ್ ಮೊಕದ್ದಮೆಯೂ ಖುಲಾಸೆಯಲ್ಲಿ ಮುಗಿಯಿತು. ಊರು ಬಿಟ್ಟವರಿಗೆ ತೀರ್ಪು ಯಾವ ಕಡೆ ಬಂದರೂ ಕಳೆದ ವರ್ಷಗಳು ಮರಳಿ ಸಿಗಲಾರವು. ಅದಕ್ಕೇ ಅಪಾಯದ ಉಸ್ತುವಾರಿ ನ್ಯಾಯಾಲಯಕ್ಕೆ ಹೋಗುವ ಮೊದಲೇ ನಡೆಯಬೇಕಾದ ಕೆಲಸ.

ನಾವು ಕೇಳಬೇಕಾದುದು

ಒಳ್ಳೆಯ ಆಡಳಿತ ಮಂಡಳಿಯ ಲಕ್ಷಣವೇನು? ಕಹಿ ಸುದ್ದಿ ಕೆಳಗಿನ ಎಂಜಿನಿಯರನಿಂದ ಮೇಲಿನ ಮೇಜಿಗೆ ತಡೆಯಿಲ್ಲದೆ ತಲುಪಬೇಕು. ತಲುಪಿದ ಮೇಲೆ ಯಾರು, ಯಾವ ದಿನದೊಳಗೆ, ಏನು ಮಾಡಬೇಕೆಂಬುದು ದಾಖಲಾಗಬೇಕು. ಕಂಪನಿಯ ಒಳಗಿನವರಲ್ಲದ ನಿರ್ದೇಶಕರು ಮುಜುಗರದ ಪ್ರಶ್ನೆ ಕೇಳಬೇಕು. ಸುಸ್ಥಿರತೆ ಎಂಬ ಮಾತನ್ನೂ ಇದೇ ಅಳತೆಯಲ್ಲಿ ನೋಡಿ. ಹೊಗೆಯಿಲ್ಲದ ವಿದ್ಯುತ್ ಒಳ್ಳೆಯದೇ, ಆದರೆ ಒಂದು ಅಲೆಗೆ ಊರನ್ನೇ ಖಾಲಿ ಮಾಡಿಸುವ ಸ್ಥಾವರವನ್ನು ಸುಸ್ಥಿರ ಎನ್ನಲಾಗದು.

ನಮ್ಮ 2013ರ ಕಂಪನಿ ಕಾಯಿದೆಯ ಪ್ರಕಾರ ಆಡಳಿತ ಮಂಡಳಿಯ ವರದಿಯಲ್ಲಿ ಅಪಾಯ ನಿರ್ವಹಣೆಯ ನೀತಿಯ ಬಗ್ಗೆ ಹೇಳಿಕೆ ಇರಬೇಕು. ಕರ್ನಾಟಕದಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 1999ರಲ್ಲಿ ಹುಟ್ಟಿತು. ವಿತರಣೆಯ ಕೆಲಸ 2002ರಲ್ಲಿ ಪ್ರತ್ಯೇಕ ಕಂಪನಿಗಳ ಪಾಲಾಯಿತು. ದರ ಪರಿಷ್ಕರಣೆಗೆ ಮುನ್ನ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಅಲ್ಲಿ ಗ್ರಾಹಕರಾದ ನಿಮಗೂ ಮಾತಾಡಲು ಅವಕಾಶವಿದೆ. ಯೂನಿಟ್ಟಿಗೆ ಎಷ್ಟು ಪೈಸೆ ಏರಿತೆಂದು ಕೇಳುವುದು ನ್ಯಾಯವೇ. ಅದರ ಜೊತೆಗೆ ಹಳೆಯ ತಂತಿಗಳ ಪರೀಕ್ಷೆ ಯಾವಾಗ ಆಯಿತು, ಸುರಕ್ಷತೆಗೆಂದು ಪಡೆದ ಹಣ ಅದಕ್ಕೇ ಖರ್ಚಾಯಿತೆ ಎಂದೂ ಕೇಳಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಬಾವಿ ಎಲ್ಲಿಯವರೆಗೆ ಬಂತೆಂದು ಮುಂದಿನ ವಿಚಾರಣೆಯಲ್ಲಿ ನೀವೇ ಕೇಳಬಹುದು.