ಪರದೆಯ ಮೇಲಿನ ಜಿನವಾಣಿಗೆ ನಮಸ್ಕರಿಸಬಹುದೇ?

ಕಳೆದ ಚಾತುರ್ಮಾಸದಲ್ಲಿ ಬಸದಿಯ ಸಂಜೆಯ ಸ್ವಾಧ್ಯಾಯಕ್ಕೆ ತಪ್ಪದೆ ಬರುತ್ತಿದ್ದ ಹಿರಿಯ ಶ್ರಾವಕಿಯೊಬ್ಬರು ಒಂದು ದಿನ ಸಂಕೋಚದಿಂದಲೇ ಪ್ರಶ್ನೆಯೊಂದನ್ನು ಕೇಳಿದರು. ಅವರಿಗೆ ಎಂಬತ್ತು ದಾಟಿದೆ. ಮದುವೆಯಾಗಿ ಬಂದ ದಿನದಿಂದಲೂ ನಾಲ್ಕು ಸಾಲು ಶಾಸ್ತ್ರವನ್ನು ಓದದೆ ಊಟಕ್ಕೆ ಕುಳಿತವರಲ್ಲ. ಈಚೆಗೆ ಕಣ್ಣು ಮಂಜಾಗಿ ಅಚ್ಚಿನ ಅಕ್ಷರಗಳು ಕಾಣದಾದವು. ಊರಿಗೆ ಬಂದ ಮೊಮ್ಮಗ ಒಂದು ಟ್ಯಾಬ್ ತಂದುಕೊಟ್ಟ. ಅಜ್ಜಿ ಓದುತ್ತಿದ್ದ ಗ್ರಂಥವನ್ನೇ ಅದರಲ್ಲಿ ಇಳಿಸಿ, ಎರಡು ಬೆರಳುಗಳಿಂದ ಅಕ್ಷರವನ್ನು ದೊಡ್ಡದು ಮಾಡುವ ಬಗೆಯನ್ನು ಕಲಿಸಿಹೋದ. ನಿಂತುಹೋಗಿದ್ದ ನಿಯಮ ಮತ್ತೆ ಆರಂಭವಾಯಿತು. ಆದರೆ ಅವರ ಮನಸ್ಸಿಗೆ ಸಮಾಧಾನವಿರಲಿಲ್ಲ.

"ಪಂಡಿತರೇ, ಓದು ಸಾಗುತ್ತಿದೆ. ಆದರೆ ಪುಸ್ತಕವಾದರೆ ತೆರೆಯುವ ಮುನ್ನ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಇದನ್ನು ಒತ್ತಿಕೊಳ್ಳಲೋ ಬೇಡವೋ? ಇದರಲ್ಲೇ ಮಕ್ಕಳು ಆಟ ಆಡುತ್ತಾರೆ, ಸಿನಿಮಾ ನೋಡುತ್ತಾರೆ. ಇದನ್ನು ವ್ಯಾಸಪೀಠದ ಮೇಲಿಟ್ಟರೆ ಜಿನವಾಣಿಗೆ ಅವಿನಯವಾಗದೇ?" ಎಂದು ಅವರು ಕೇಳಿದರು.

ಸಭೆಯಲ್ಲಿದ್ದ ಕಿರಿಯರು ಮುಗುಳ್ನಕ್ಕರು. ಪಂಡಿತರು ನಗಲಿಲ್ಲ. ಪ್ರಶ್ನೆ ದೊಡ್ಡದು, ಉತ್ತರವನ್ನು ನಾಳೆ ಹೇಳುತ್ತೇನೆ ಎಂದು ಅಂದಿನ ಸ್ವಾಧ್ಯಾಯವನ್ನು ಮುಗಿಸಿದರು. ಆ ಪ್ರಶ್ನೆ ನಿಜವಾಗಿಯೂ ದೊಡ್ಡದು. ಶ್ರಾವಕನ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸನೆಗಳ ನಂತರ ಬರುವುದು ಸ್ವಾಧ್ಯಾಯ. ಆರು ಬಗೆಯ ಆಭ್ಯಂತರ ತಪಸ್ಸುಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಓದು ತಪಸ್ಸೆಂದಾದರೆ, ಓದುವ ಸಾಧನ ಯಾವುದಾದರೇನು ಎಂದು ಸುಲಭವಾಗಿ ಹೇಳಿಬಿಡಲಾಗದು. ಸಾಧನವೇ ಎಲ್ಲವೂ ಎನ್ನುವುದೂ ಸರಿಯಾಗದು.

ಕಂಠದಿಂದ ಓಲೆಗೆ, ಓಲೆಯಿಂದ ಅಚ್ಚಿಗೆ

ಈ ಬಗೆಯ ಸಂಕಟ ಜೈನ ಸಮಾಜಕ್ಕೆ ಹೊಸದಲ್ಲ. ಭಗವಾನ್ ಮಹಾವೀರರ ವಾಣಿ ಶತಮಾನಗಳ ಕಾಲ ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ಹರಿದುಬಂದ ಶ್ರುತ. ಕೇಳಿದ್ದು ಎಂಬುದೇ ಆ ಪದದ ಅರ್ಥ. ಗ್ರಂಥವನ್ನು ಇಟ್ಟುಕೊಳ್ಳುವುದು ಅಪರಿಗ್ರಹಿಗಳಾದ ಮುನಿಗಳಿಗೆ ತಕ್ಕದ್ದೇ ಎಂಬ ಸಂದೇಹ ಹಿಂದೆ ಬಲವಾಗಿತ್ತು. ಶ್ವೇತಾಂಬರ ಪರಂಪರೆಯ ಪ್ರಾಚೀನ ಭಾಷ್ಯಗ್ರಂಥಗಳು ಗಂಡೀ, ಕಚ್ಛಪೀ, ಮುಷ್ಟಿ ಮೊದಲಾದ ಐದು ಆಕಾರದ ಪುಸ್ತಕಗಳನ್ನು ಹೆಸರಿಸುತ್ತವೆ. ಅವುಗಳನ್ನು ಇಟ್ಟುಕೊಳ್ಳುವ, ಕಟ್ಟುವ, ಬಿಚ್ಚುವ ಮುನಿಗೆ ಪ್ರಾಯಶ್ಚಿತ್ತವನ್ನೂ ವಿಧಿಸುತ್ತವೆ. ಓಲೆಗಳ ನಡುವೆ ಸಿಲುಕುವ ಸೂಕ್ಷ್ಮಜೀವಿಗಳ ಹಿಂಸೆ, ಹೊರೆಯ ಮೋಹ, ನೆನಪಿನ ಆಲಸ್ಯ ಇವೆಲ್ಲ ಅಂದಿನವರ ಆತಂಕಗಳು. ಆದರೂ ದುರ್ಭಿಕ್ಷಗಳಿಂದ ಶ್ರುತಧರರು ಕಡಿಮೆಯಾಗಿ ನೆನಪು ಕುಂದಿದಾಗ ಬರೆದಿಡುವುದು ಅನಿವಾರ್ಯವಾಯಿತು. ವೀರನಿರ್ವಾಣದ 980 ವರ್ಷಗಳ ನಂತರ ವಲಭಿಯಲ್ಲಿ ದೇವರ್ಧಿಗಣಿ ಕ್ಷಮಾಶ್ರಮಣರ ನೇತೃತ್ವದಲ್ಲಿ ಆಗಮಗಳು ಗ್ರಂಥಾರೂಢವಾದುವೆಂದು ಆ ಪರಂಪರೆ ಹೇಳುತ್ತದೆ.

ದಿಗಂಬರ ಪರಂಪರೆಯಲ್ಲಿ ಈ ತಿರುವು ಅದಕ್ಕೂ ಮೊದಲೇ ಒದಗಿತು. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮ ಅಂತ್ಯಕಾಲ ಸಮೀಪಿಸಿದ್ದನ್ನು ಅರಿತು, ಉಳಿದಿರುವ ಶ್ರುತ ತಮ್ಮೊಂದಿಗೇ ಅಳಿಯಬಾರದೆಂದು ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಆ ಪುಷ್ಪದಂತ ಮತ್ತು ಭೂತಬಲಿಗಳು ಕಲಿತದ್ದನ್ನು ಸೂತ್ರಗಳಾಗಿ ರಚಿಸಿದರು. ಪುಷ್ಪದಂತರು ಆರಂಭದ ಸೂತ್ರಗಳನ್ನು ರಚಿಸಿದ್ದು ವನವಾಸ ದೇಶದಲ್ಲಿ; ಅದನ್ನು ನಮ್ಮ ಬನವಾಸಿಯ ಪ್ರದೇಶವೆಂದು ವಿದ್ವಾಂಸರು ಗುರುತಿಸುತ್ತಾರೆ. ಭೂತಬಲಿಗಳು ಪೂರ್ಣಗೊಳಿಸಿದ ಷಟ್ಖಂಡಾಗಮಕ್ಕೆ ಜ್ಯೇಷ್ಠ ಶುಕ್ಲ ಪಂಚಮಿಯಂದು ಪೂಜೆ ನಡೆಯಿತು. ಇಂದಿಗೂ ಆ ದಿನವನ್ನು ನಾವು ಶ್ರುತಪಂಚಮಿಯಾಗಿ ಆಚರಿಸುತ್ತೇವೆ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುವ ವಾಡಿಕೆ ಭಕ್ತಿಯೂ ಹೌದು, ಗ್ರಂಥರಕ್ಷಣೆಯೂ ಹೌದು.

ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ, ಸುಮಾರು 816ರಲ್ಲಿ ಮುಗಿಸಿದ ಧವಲಾ ಟೀಕೆ 72,000 ಶ್ಲೋಕಪ್ರಮಾಣದ್ದು. ಅದರ ಪ್ರಾಚೀನ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ, ತಾಳೆಯ ಗರಿಗಳ ಮೇಲೆ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದವು. ಅಲ್ಲಿ ಅವು ದರ್ಶನದ ವಸ್ತುವಾಗಿಬಿಟ್ಟಿದ್ದವು. ದೂರದೂರದಿಂದ ಬಂದ ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು, ಓದುವವರಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕಾರ್ಯ ಆರಂಭವಾಗಿ ದಶಕಗಳ ಕಾಲ ನಡೆಯಿತು. 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಯಿತು. ಮುಂದಿನ ಎರಡು ದಶಕಗಳಲ್ಲಿ ಒಟ್ಟು 16 ಸಂಪುಟಗಳು ಹೊರಬಂದವು.

ಅಚ್ಚಿಗೂ ವಿರೋಧವಿತ್ತೆಂಬುದನ್ನು ನಾವಿಂದು ಮರೆತಿದ್ದೇವೆ. ಯಂತ್ರದಲ್ಲಿ ಒತ್ತಿದ ಶಾಸ್ತ್ರ ಅಪವಿತ್ರ, ಮಾರಾಟಕ್ಕೆ ಬಂದ ಜಿನವಾಣಿ ಯಾರ ಕೈಗೆ, ಯಾರ ಕಾಲಿಗೆ ಬೀಳುವುದೋ ಎಂದು ಉತ್ತರ ಭಾರತದ ಅನೇಕ ಧರ್ಮಭೀರುಗಳು ಹಟ ಹಿಡಿದಿದ್ದರು. ದೇವಬಂದದ ಸೂರಜಭಾನು ವಕೀಲ, ನಾಥೂರಾಮ ಪ್ರೇಮಿ ಮೊದಲಾದವರು ಆ ವಿರೋಧವನ್ನು ಎದುರಿಸಿಯೇ ಶಾಸ್ತ್ರಗಳನ್ನು ಅಚ್ಚಿನಲ್ಲಿ ತಂದರು. ಅಂದು ಶಂಕೆಗೆ ಗುರಿಯಾಗಿದ್ದ ಅಚ್ಚಿನ ಪುಸ್ತಕವೇ ಇಂದು ಆ ಹಿರಿಯ ಶ್ರಾವಕಿಗೆ ಕಣ್ಣಿಗೊತ್ತಿಕೊಳ್ಳುವ ಪೂಜ್ಯವಸ್ತು.

ದ್ರವ್ಯಶ್ರುತ ಮತ್ತು ಭಾವಶ್ರುತ

ನಮ್ಮ ಆಚಾರ್ಯರು ಶ್ರುತವನ್ನು ದ್ರವ್ಯಶ್ರುತ, ಭಾವಶ್ರುತ ಎಂದು ಎರಡಾಗಿ ವಿವೇಚಿಸಿದ್ದಾರೆ. ಅಕ್ಷರ, ಧ್ವನಿ, ಓಲೆ, ಕಾಗದ ಇವು ದ್ರವ್ಯಶ್ರುತ, ಪುದ್ಗಲದ ಪರ್ಯಾಯಗಳು. ಅವುಗಳ ನಿಮಿತ್ತದಿಂದ ಆತ್ಮನಲ್ಲಿ ಮೂಡುವ ಅರಿವು ಭಾವಶ್ರುತ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಸ್ತ್ರ ತಾನಾಗಿ ಏನನ್ನೂ ಅರಿಯದಾದ್ದರಿಂದ ಶಾಸ್ತ್ರವೇ ಜ್ಞಾನವಲ್ಲವೆಂದು ತಿಳಿಯಪಡಿಸುತ್ತಾರೆ. ಅರಿಯುವವನು ಆತ್ಮ. ಈ ದೃಷ್ಟಿಯಿಂದ ನೋಡಿದರೆ ತಾಳೆಗರಿ, ಕಾಗದ, ಗಾಜಿನ ಪರದೆ ಮೂರೂ ಒಂದೇ ಪಂಕ್ತಿಯಲ್ಲಿ ನಿಲ್ಲುತ್ತವೆ. ಒಂದು ಪೂಜ್ಯ, ಇನ್ನೊಂದು ತ್ಯಾಜ್ಯ ಎನ್ನಲು ನಿಶ್ಚಯದೃಷ್ಟಿಯಲ್ಲಿ ಕಾರಣವಿಲ್ಲ.

ಆದರೆ ನಾವು ಬದುಕುತ್ತಿರುವುದು ವ್ಯವಹಾರದಲ್ಲಿ. ಯಾವ ನಿಮಿತ್ತ ನಮ್ಮ ಪರಿಣಾಮವನ್ನು ಶಾಂತಗೊಳಿಸುತ್ತದೆ, ಯಾವುದು ಚಂಚಲಗೊಳಿಸುತ್ತದೆ ಎಂಬುದನ್ನು ಸಾಧಕ ನೋಡಲೇಬೇಕು. ಇದಕ್ಕೆ ಹೊಸ ಅಳತೆಗೋಲನ್ನು ಹುಡುಕಬೇಕಾಗಿಲ್ಲ. ಮೂಲಾಚಾರವು ಜ್ಞಾನಾಚಾರದ ಎಂಟು ಅಂಗಗಳನ್ನು ಹೇಳಿದೆ: ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ ಮತ್ತು ತದುಭಯ. ಓಲೆಗರಿಯ ಕಾಲದ ಈ ಅಂಗಗಳು ಪರದೆಯ ಕಾಲಕ್ಕೆ ಎಷ್ಟು ಹೊಂದುತ್ತವೆ ಎಂಬುದು ಆಶ್ಚರ್ಯ ಹುಟ್ಟಿಸುತ್ತದೆ.

ಎಂಟು ಅಂಗಗಳ ಒರೆಗಲ್ಲು

ಮೊದಲನೆಯದು ಕಾಲ. ಸಂಧ್ಯಾಕಾಲ, ಗ್ರಹಣ, ಉತ್ಪಾತಗಳ ಹೊತ್ತಿನಲ್ಲಿ ಸಿದ್ಧಾಂತ ಗ್ರಂಥಗಳ ಪಠನ ಸಲ್ಲದೆಂಬ ನಿಯಮದ ಹಿಂದೆ, ಚಿತ್ತ ಕಲಕಿದಾಗ ಶಾಸ್ತ್ರಕ್ಕೆ ಕೈಹಾಕಬಾರದೆಂಬ ವಿವೇಕವಿದೆ. ಮೊಬೈಲಿನಲ್ಲಿರುವ ಗ್ರಂಥ ಎಲ್ಲ ಹೊತ್ತಿನಲ್ಲಿಯೂ ಜೇಬಿನಲ್ಲಿರುತ್ತದೆ. ಅದು ಅನುಕೂಲ. ಬಸ್ಸಿನಲ್ಲಿ ಎರಡು ಸಾಲು, ಊಟದ ನಡುವೆ ಎರಡು ಸಾಲು ಎಂಬ ಓದಿಗೆ ಮಾತ್ರ ಕಾಲವೂ ಇಲ್ಲ, ಆಸನವೂ ಇಲ್ಲ.

ವಿನಯವೆಂದರೆ ಕೈಕಾಲು ತೊಳೆದು, ಸ್ಥಳವನ್ನು ಶೋಧಿಸಿ, ನೇರವಾಗಿ ಕುಳಿತು ಓದುವುದು. ಬಹುಮಾನವೆಂದರೆ ಗ್ರಂಥದ ಮೇಲಿನ ಆದರ. ಪುಸ್ತಕ ತಾನಾಗಿಯೇ ಇವನ್ನು ಬೇಡುತ್ತದೆ. ವ್ಯಾಸಪೀಠದ ಮೇಲಿಟ್ಟೊಡನೆ ಬೆನ್ನು ನೆಟ್ಟಗಾಗುತ್ತದೆ. ಪರದೆ ಏನನ್ನೂ ಬೇಡುವುದಿಲ್ಲ, ಮಲಗಿಯೂ ಓದಿಸುತ್ತದೆ. ಹಾಗಾಗಿ ಅಲ್ಲಿ ವಿನಯವನ್ನು ಓದುವವನೇ ತರಬೇಕು.

ಉಪಧಾನ ಬಹಳ ಸ್ವಾರಸ್ಯದ ಅಂಗ. ಈ ಗ್ರಂಥ ಮುಗಿಯುವವರೆಗೆ ಇಂತಹ ಆಹಾರವನ್ನು ತ್ಯಜಿಸುತ್ತೇನೆ ಎಂದು ನಿಯಮ ಮಾಡಿ ಓದಲು ತೊಡಗುವುದೇ ಉಪಧಾನ. ಹಿಡಿದದ್ದನ್ನು ಮುಗಿಸುವ ಸಂಕಲ್ಪ ಅದರ ಜೀವಾಳ. ಸಾವಿರ ಗ್ರಂಥಗಳು ಒಂದೇ ಬೆರಳಿನ ತುದಿಯಲ್ಲಿರುವಾಗ ಒಂದನ್ನೂ ಮುಗಿಸದಿರುವುದು ನಮ್ಮ ಕಾಲದ ರೋಗ. ಈ ಗ್ರಂಥ ಮುಗಿಯುವವರೆಗೆ ಇನ್ನೊಂದನ್ನು ತೆರೆಯೆನು ಎಂಬ ನಿಯಮ ಇಂದಿನ ಶ್ರಾವಕನಿಗೆ ಒಪ್ಪುವ ಉಪಧಾನ.

ಅನಿಹ್ನವವೆಂದರೆ ಗುರುವಿನ, ಶಾಸ್ತ್ರದ ಹೆಸರನ್ನು ಮರೆಮಾಚದಿರುವುದು. ಯಾರು ಹೇಳಿದ್ದು, ಯಾವ ಗ್ರಂಥದ್ದು ಎಂಬ ಸುಳಿವೇ ಇಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಆಗಮವಾಕ್ಯ’ವನ್ನು ಮುಂದಿನವರಿಗೆ ದಾಟಿಸುವಾಗ ಈ ಅಂಗಕ್ಕೆ ಭಂಗ ಬರುತ್ತದೆ. ಪುಸ್ತಕಕ್ಕೆ ಮುಖಪುಟವಿದೆ, ಕರ್ತೃವಿನ ಹೆಸರಿದೆ, ಸಂಪಾದಕನ ಹೊಣೆಯಿದೆ. ಹರಿದಾಡುವ ತುಣುಕಿಗೆ ಇವಾವುವೂ ಇಲ್ಲ. ಹೆಸರಿಲ್ಲದ ವಾಕ್ಯವನ್ನು ನಂಬುವುದೂ ಬೇಡ, ಹಂಚುವುದೂ ಬೇಡ.

ಉಳಿದ ಮೂರು ಅಂಗಗಳು ಅಕ್ಷರಶುದ್ಧಿ, ಅರ್ಥಶುದ್ಧಿ ಮತ್ತು ಎರಡರ ಕೂಡಿದ ಶುದ್ಧಿ. ಧರಸೇನಾಚಾರ್ಯರು ತಮ್ಮ ಬಳಿಗೆ ಬಂದ ಮುನಿಗಳಿಬ್ಬರನ್ನು ಪರೀಕ್ಷಿಸಿದ ಕಥೆಯನ್ನು ಇಲ್ಲಿ ನೆನೆಯಬೇಕು. ಅವರು ಒಬ್ಬರಿಗೆ ಒಂದು ಅಕ್ಷರ ಹೆಚ್ಚಿರುವ, ಮತ್ತೊಬ್ಬರಿಗೆ ಒಂದು ಅಕ್ಷರ ಕಡಿಮೆಯಿರುವ ಮಂತ್ರವನ್ನು ಕೊಟ್ಟು ಸಾಧಿಸಲು ಹೇಳಿದರು. ಪ್ರತ್ಯಕ್ಷರಾದ ದೇವತೆಗಳಲ್ಲಿ ಒಬ್ಬಳು ಉಬ್ಬುಹಲ್ಲಿನವಳು, ಇನ್ನೊಬ್ಬಳು ಒಕ್ಕಣ್ಣಿನವಳು. ದೇವತೆಗೆ ವಿಕಾರವಿರದು, ದೋಷ ಮಂತ್ರದಲ್ಲಿಯೇ ಇರಬೇಕು ಎಂದರಿತ ಮುನಿಗಳು ಅಕ್ಷರವನ್ನು ತಿದ್ದಿ ಮತ್ತೆ ಸಾಧಿಸಿದರು. ದೇವತೆಗಳು ಸಹಜರೂಪದಲ್ಲಿ ಕಾಣಿಸಿಕೊಂಡರು. ಆಗಲೇ ಗುರುಗಳಿಗೆ ಶಿಷ್ಯರ ಯೋಗ್ಯತೆಯಲ್ಲಿ ವಿಶ್ವಾಸ ಮೂಡಿತು.

ಇಂದು ಯಂತ್ರ ಗುರುತಿಸಿದ ಅಕ್ಷರಗಳಲ್ಲಿ ಒತ್ತಕ್ಷರ ಕಳಚಿರುವುದು, ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗಿರುವುದು ಸಾಮಾನ್ಯ. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡ ಕಡತ ಇಂದಿನ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುವುದನ್ನು ಅನೇಕರು ಕಂಡಿದ್ದೇವೆ. ಶತಮಾನಗಳನ್ನು ದಾಟಿ ಬಂದ ಓಲೆಗರಿ ಓದಲು ಬರುತ್ತದೆ, ಇಪ್ಪತ್ತು ವರ್ಷದ ಕಡತ ಬಾರದು. ಅಚ್ಚಿನಲ್ಲಿ ದೋಷವಿಲ್ಲವೆಂದಲ್ಲ, ಅಚ್ಚಿನ ದೋಷಕ್ಕೆ ತಿದ್ದೋಲೆಯಿದೆ. ಆದ್ದರಿಂದ ಸ್ತೋತ್ರ, ಮಂತ್ರ, ಸೂತ್ರಗಳನ್ನು ಕಂಠಪಾಠ ಮಾಡುವವರು ಪರದೆಯ ಪಾಠವನ್ನು ಒಂದು ಸಂಪಾದಿತ ಪುಸ್ತಕದೊಂದಿಗೋ, ಬಲ್ಲ ಗುರುವಿನೊಂದಿಗೋ ಹೋಲಿಸಿ ನೋಡುವುದು ಕ್ಷೇಮ.

ಉಪಕರಣವೋ, ಪರಿಗ್ರಹವೋ?

ಇಷ್ಟು ಹೇಳಿದ ಮಾತ್ರಕ್ಕೆ ಹೊಸ ಸಾಧನದ ಉಪಕಾರವನ್ನು ಅಲ್ಲಗಳೆಯಲಾಗದು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಗರಿಯನ್ನು ಹದಮಾಡಿ, ಒಂದೊಂದು ಅಕ್ಷರವನ್ನೂ ಕೈಯಿಂದ ಬರೆಯಬೇಕಿದ್ದ ಕಾಲದಲ್ಲಿ ಅದು ಎಂತಹ ಶಾಸ್ತ್ರದಾನ! ಇಂದು ಜೈನ್ ಇ-ಲೈಬ್ರರಿಯಂತಹ ತಾಣಗಳಲ್ಲಿ ಸಾವಿರಾರು ಗ್ರಂಥಗಳು ಬೆಲೆಯಿಲ್ಲದೆ ದೊರೆಯುತ್ತವೆ. ಬಸದಿಯಿಲ್ಲದ ಊರಿನಲ್ಲಿ, ಸಮುದ್ರದಾಚೆಯ ನಗರದಲ್ಲಿ ನೆಲೆಸಿದ ಕನ್ನಡದ ಶ್ರಾವಕನಿಗೂ ಅವು ತಲುಪುತ್ತವೆ. ಓಲೆಗಳ ಛಾಯಾಚಿತ್ರ ತೆಗೆದಿಟ್ಟರೆ ಮೂಲದ ಗರಿಗಳನ್ನು ಪದೇ ಪದೇ ಮುಟ್ಟಬೇಕಾಗಿಲ್ಲ. ಕಣ್ಣು ಮಂಜಾದವರಿಗೆ ಅಕ್ಷರ ದೊಡ್ಡದಾಗುತ್ತದೆ. ಇದೂ ಅತ್ತಿಮಬ್ಬೆಯ ದಾನದ ಮುಂದುವರಿಕೆಯೇ.

ಅಪಾಯ ಬೇರೆ ಕಡೆಯಿದೆ. ಸರ್ವಸ್ವವನ್ನೂ ತ್ಯಜಿಸಿದ ದಿಗಂಬರ ಮುನಿಗೆ ಮೂರು ಉಪಕರಣಗಳನ್ನು ಇಟ್ಟುಕೊಳ್ಳಲು ಅನುಮತಿಯಿದೆ: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಶಾಸ್ತ್ರವೂ ಮುನಿಯ ಪಾಲಿಗೆ ಸ್ವತ್ತಲ್ಲ, ಜ್ಞಾನೋಪಕರಣ. ಓದಿಯಾದ ಮೇಲೆ ಇನ್ನೊಬ್ಬರಿಗೆ ಸಲ್ಲುವಂಥದು. ಉಮಾಸ್ವಾಮಿಗಳು ಪರಿಗ್ರಹವನ್ನು ಅಳೆದದ್ದು ವಸ್ತುವಿನ ಲೆಕ್ಕದಿಂದಲ್ಲ, ಅದರ ಮೇಲಿನ ಮೂರ್ಛೆಯಿಂದ. ಎಂದೂ ಓದದ ಐನೂರು ಗ್ರಂಥಗಳನ್ನು ಮೊಬೈಲಿನಲ್ಲಿ ಇಳಿಸಿಟ್ಟುಕೊಂಡು ‘ನನ್ನಲ್ಲಿ ಎಲ್ಲವೂ ಇದೆ’ ಎಂದು ಹಿಗ್ಗುವವನ ಸಂಗ್ರಹಕ್ಕೆ ತೂಕವಿಲ್ಲದಿರಬಹುದು, ಮೂರ್ಛೆಗೆ ತೂಕವಿದೆ. ಗಾಜಿನ ಬೀರುವಿನಲ್ಲಿ ಪುಸ್ತಕಗಳನ್ನು ಸಾಲಾಗಿ ಜೋಡಿಸಿ ಬೀಗ ಹಾಕಿದವನದೂ ಅದೇ ಸ್ಥಿತಿ. ಮೂಡುಬಿದಿರೆಯ ಓಲೆಗಳು ಬರಿಯ ದರ್ಶನಕ್ಕೆ ಉಳಿದಿದ್ದ ಕಾಲವನ್ನು ನಾವು ನಮ್ಮ ಮನೆಗಳಲ್ಲಿಯೇ ಮತ್ತೆ ತರಬಾರದು.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಐದು ಬಗೆಯಾಗಿ ಹೇಳುತ್ತದೆ. ಓದುವುದು ಅವುಗಳಲ್ಲಿ ಮೊದಲನೆಯದು ಮಾತ್ರ. ಸಂದೇಹವನ್ನು ಕೇಳುವುದು, ಒಳಗೆ ಮೆಲುಕು ಹಾಕುವುದು, ಶುದ್ಧವಾಗಿ ಪುನರಾವರ್ತಿಸುವುದು, ಅರಿತದ್ದನ್ನು ಹಂಚುವುದು ಇವೆಲ್ಲ ಗ್ರಂಥವನ್ನು ಮುಚ್ಚಿದ ಮೇಲೂ ನಡೆಯಬೇಕಾದ ಕೆಲಸ. ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಿಕೊಡುವುದರಲ್ಲಿ ಪರದೆಗೆ ಸರಿಸಾಟಿಯಿಲ್ಲ. ಒಂದೇ ಪುಟದಲ್ಲಿ ಮನಸ್ಸನ್ನು ಬಹಳ ಹೊತ್ತು ನಿಲ್ಲಿಸುವುದರಲ್ಲಿ ಪುಸ್ತಕವೇ ಮೇಲು. ಹುಡುಕಲು ಪರದೆಯನ್ನೂ ನೆಲೆನಿಲ್ಲಲು ಪುಸ್ತಕವನ್ನೂ ಬಳಸುವವನಿಗೆ ಎರಡೂ ಉಪಕರಣಗಳೇ.

ಮರುದಿನ ಸಂಜೆ ಪಂಡಿತರು ಆ ಹಿರಿಯ ಶ್ರಾವಕಿಗೆ ಉತ್ತರ ಹೇಳಿದರು. "ಅಮ್ಮಾ, ನೀವು ಇಷ್ಟು ವರ್ಷ ನಮಸ್ಕರಿಸಿದ್ದು ಕಾಗದಕ್ಕಲ್ಲ. ಇನ್ನು ಮುಂದೆ ಗಾಜಿಗೂ ನಮಸ್ಕರಿಸಬೇಕಾಗಿಲ್ಲ. ಓದುವ ಹೊತ್ತಿಗೆ ಅದರಲ್ಲಿ ಬೇರೇನೂ ತೆರೆಯದಂತೆ ಮೊಮ್ಮಗನಿಂದ ಮಾಡಿಸಿಕೊಳ್ಳಿ. ಅಷ್ಟು ಹೊತ್ತು ಅದು ಶಾಸ್ತ್ರ. ನಿಶ್ಚಿಂತೆಯಿಂದ ವ್ಯಾಸಪೀಠದ ಮೇಲಿಡಿ. ನಿಮ್ಮ ಹಳೆಯ ಪುಸ್ತಕವನ್ನು ಮಾತ್ರ ಬೀರುವಿನಲ್ಲಿಟ್ಟು ಸುಮ್ಮನಾಗಬೇಡಿ. ಕಣ್ಣಿರುವ ಯಾರಿಗಾದರೂ ಶಾಸ್ತ್ರದಾನ ಮಾಡಿ."

ಆಕೆ ಆ ಪುಸ್ತಕವನ್ನು ಬಸದಿಯ ಪಾಠಶಾಲೆಗೆ ಬರುವ ಹುಡುಗಿಯೊಬ್ಬಳಿಗೆ ಕೊಟ್ಟರು. ಅದರ ಅಂಚುಗಳಲ್ಲಿ ಅವರು ಪೆನ್ಸಿಲಿನಿಂದ ಹಾಕಿದ್ದ ಗುರುತುಗಳು ಹಾಗೆಯೇ ಇವೆ. ಈಗ ಸಂಜೆಯ ಸ್ವಾಧ್ಯಾಯದಲ್ಲಿ ಹುಡುಗಿ ಪುಸ್ತಕದಿಂದ ಓದುತ್ತಾಳೆ. ಅಜ್ಜಿ ಪರದೆಯ ದೊಡ್ಡ ಅಕ್ಷರಗಳ ಮೇಲೆ ಬೆರಳಿಟ್ಟು ಅದೇ ಸಾಲನ್ನು ಹಿಂಬಾಲಿಸುತ್ತಾರೆ. ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ ಓದನ್ನು ನಿಲ್ಲಿಸಿ, ಎರಡನ್ನೂ ಹೋಲಿಸಿ, ಸರಿಯಾದದ್ದನ್ನು ಹೇಳಿಕೊಂಡು ಮುಂದೆ ಸಾಗುತ್ತಾರೆ.